ಸಮಾನ ಧರ್ಮ

ನನ್ನ ಗಂಡ ಗೋಡೆಯಾದ ದಿನ ನಾನು ಅಮ್ಮನ ತಿಥಿ ಮುಗಿಸಿಕೊಂಡು ಆಚೆ ದಡದಿಂದ ಮೂರು ಗಂಟೆಯ ದೋಣಿಯಲ್ಲಿ ಊರಿಗೆ ಮರಳಿದ್ದೆ. ನಮ್ಮೂರ ಕೆರೆ ದೊಡ್ಡದು. ಮಧ್ಯಾಹ್ನ ಕಳೆಯುತ್ತಲೇ ಅದರ ಮೇಲೆ ಮಂಜು ಇಳಿಯುತ್ತದೆ. ಆಮೇಲೆ ಈ ದಡಕ್ಕೆ ಆ ದಡ ಕಾಣುವುದಿಲ್ಲ. ದೋಣಿಯ ತಿಮ್ಮರಾಜು ಹುಟ್ಟು ಹಾಕುತ್ತಿದ್ದ. ಹನ್ನೊಂದು ದಿನ ನೆಂಟರ ನಡುವೆ ಅತ್ತು, ಬೇಯಿಸಿ, ಬಡಿಸಿ, ಮತ್ತೆ ಅತ್ತು ನನ್ನ ದನಿ ಕೂತುಹೋಗಿತ್ತು. ನಮ್ಮೆಜಮಾನರು ಮಣ್ಣಿಗೆ ಬಂದು ಅದೇ ದಿನ ಹಿಂತಿರುಗಿದ್ದರು. ಮನೆ ಸೇರಿ ಅವರ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳಬೇಕು ಎನ್ನುವುದೊಂದೇ ನನಗಿದ್ದ ಆಸೆ.

ಅವರ ಹೆಸರು ಚೆಲುವಯ್ಯ. ತಕ್ಕಡಿ ರಿಪೇರಿ ಅವರ ಕೆಲಸ. ಅಂಗಡಿಯವರ ತಕ್ಕಡಿ ಒಂದು ಕಡೆಗೆ ವಾಲಿದರೆ, ಮುಳ್ಳು ನೆಟ್ಟಗೆ ನಿಲ್ಲದಿದ್ದರೆ ನಮ್ಮ ನಡುಮನೆಗೆ ಹೊತ್ತು ತರುತ್ತಿದ್ದರು. ಅದೇ ನಡುಮನೆಯ ಕಿಟಕಿ ಪಕ್ಕದಲ್ಲಿ ನನ್ನ ಹೊಲಿಗೆ ಮಿಷನ್ನು. ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ನಾನು ರವಿಕೆ ಹೊಲಿಯುತ್ತ ಮಾತಾಡುತ್ತಿದ್ದೆ, ಅವರು ತಲೆ ತಗ್ಗಿಸಿಕೊಂಡು ತಮ್ಮ ಕೆಲಸ ಮಾಡುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ಎಷ್ಟೋ ಸಲ ಅನುಮಾನ ಬರುತ್ತಿತ್ತು. ಆದರೆ ಕತ್ತರಿ ಮೊಂಡಾಗಿದೆ ಎಂದು ನಾನು ಗೊಣಗಿದ ಮರುದಿನ ಆ ಕತ್ತರಿ ಸಾಣೆ ಹಿಡಿಸಿಕೊಂಡು ಬಂದು ಮಿಷನ್ನಿನ ಮೇಲೆ ಕೂತಿರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆಯೂ ನಾನೊಬ್ಬಳೇ ಮಾತು ಶುರುಮಾಡಿ, ನಾನೊಬ್ಬಳೇ ಮುಗಿಸಿದ್ದೆ.

ಆ ದಿನ ಅವರು ನನಗೆಂದು ಕಾಫಿ ಮಾಡಿದರು. ಲೋಟ ಹಿಡಿದು ಅಡುಗೆಮನೆಗೂ ನಡುಮನೆಗೂ ನಡುವಿನ ಬಾಗಿಲಲ್ಲಿ ನಿಂತರು. ನಾನು ಚಾಪೆಯ ಮೇಲೆ ಕೂತು ಹೇಳತೊಡಗಿದೆ. ಅಮ್ಮ ಕೊನೆಗೆ ಯಾರನ್ನು ಕೇಳಿದಳು, ಬಾಯಿಗೆ ನೀರು ಬಿಟ್ಟವರು ಯಾರು, ಅವಳ ಪೆಟ್ಟಿಗೆ ತೆಗೆದಾಗ ಏನು ಸಿಕ್ಕಿತು. ನಾನು ಹೊಲಿಗೆ ಕಲಿತ ಹೊಸದರಲ್ಲಿ ಅವಳಿಗೊಂದು ರವಿಕೆ ಹೊಲಿದುಕೊಟ್ಟಿದ್ದೆ. ತೋಳು ಒಂದು ಉದ್ದ, ಒಂದು ಗಿಡ್ಡ. ಹಾಕಿಕೊಳ್ಳಲು ಬಾರದೆ, ಎಸೆಯಲು ಮನಸ್ಸಾಗದೆ ಅದನ್ನು ಇಪ್ಪತ್ತೈದು ವರ್ಷ ಮಡಿಸಿಟ್ಟುಕೊಂಡಿದ್ದಳು. ಅಷ್ಟನ್ನೂ ಹೇಳಿ ತಲೆಯೆತ್ತಿದೆ. ಅವರ ಮುಖ ಬಿಳಿಚಿಕೊಂಡಿತ್ತು. ತುಟಿ ಅಲುಗಿತು, ಮತ್ತೆ ಮುಚ್ಚಿಕೊಂಡಿತು. ಲೋಟವನ್ನು ನನ್ನ ಕಡೆಗೆ ಚಾಚಿದರು, ಅಷ್ಟೆ.

“ಹೆತ್ತ ತಾಯಿ ಹೋದ್ಲು ಅಂತ ಹೇಳ್ತಾ ಇದೀನಿ,” ಅಂದೆ. “ಪಾಪ ಅನ್ನೋಕೂ ಆಗಲ್ವಾ ನಿಮ್ ಕೈಲಿ? ನೀವು ಮನುಷ್ಯರೇ ಅಲ್ಲ ಕಣ್ರೀ. ಗೋಡೆ ನೀವು. ಗೋಡೆ.”

‘ಹಾಗೆ’ ಅನ್ನುವ ಎರಡಕ್ಷರ ಬಿಟ್ಟುಹೋಗಿತ್ತು. ಬಾಯಿಂದ ಮಾತು ಬಿದ್ದ ಕೂಡಲೇ ನನಗೆ ಗೊತ್ತಾಯಿತು. ಲೋಟ ನೆಲಕ್ಕೆ ಬಿದ್ದು, ಕಾಫಿ ನನ್ನ ಪಾದದವರೆಗೆ ಹರಿದುಬಂತು. ಬಾಗಿಲಿದ್ದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಗೋಡೆ ನಿಂತಿತ್ತು. ಅವರು ತೊಟ್ಟಿದ್ದ ಅಂಗಿಯ ತಿಳಿನೀಲಿ ಬಣ್ಣದ ಸುಣ್ಣ ಬಳಿದ ಗೋಡೆ. ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು.

ನಮ್ಮೂರಲ್ಲಿ ಮಕ್ಕಳಿಗೆ ಅಮ್ಮ, ಅಪ್ಪ ಅನ್ನುವುದಕ್ಕಿಂತ ಮೊದಲೇ ‘ಹಾಗೆ’ ಅನ್ನುವುದನ್ನು ಕಲಿಸುತ್ತಾರೆ. ಹಣ್ಣಿನವನು ‘ಸಕ್ಕರೆಯಂಥ ಸೀಬೆ’ ಎಂದು ಕೂಗುತ್ತಾನೆ. ಸೋಬಾನೆ ಹಾಡುವವರು ಮದುಮಗಳನ್ನು ಹೊಗಳುವಾಗ ಸಾಲುಸಾಲಿಗೂ ‘ಅಂತೆ’ ಸೇರಿಸುತ್ತಾರೆ. ಬೀದಿಯಲ್ಲಿ ಕೈ ಕೈ ಮಿಲಾಯಿಸುವವರು ಕೂಡ ‘ಹಾವಿನಂಥವನೇ’ ಎಂದು ‘ಅಂಥ’ವನ್ನು ಒತ್ತಿ ಹೇಳಿದ ಮೇಲೆಯೇ ಹೊಡೆಯುವುದು. ಹೊರಗಿನಿಂದ ಬಂದವರಿಗೆ ದೋಣಿಕಟ್ಟೆಯ ಗುಮಾಸ್ತ ಎರಡು ಮಾತಲ್ಲಿ ವಿಷಯ ತಿಳಿಸಿ ಒಳಗೆ ಬಿಡುತ್ತಾನೆ. ಬಾಯಿಮಾತಿಗೆ ಅಂದದ್ದು ಏನೂ ಮಾಡುವುದಿಲ್ಲ. ಗಡಿಯಾರದ ಮುಳ್ಳು, ಮೇಜಿನ ಕಾಲು ಮುಂತಾದ ಸವೆದ ಮಾತುಗಳಿಂದಲೂ ಭಯವಿಲ್ಲ. ಮನಸ್ಸನ್ನು ಪೂರ್ತಿ ಇಟ್ಟು ಅಂದದ್ದು ಮಾತ್ರ ಆಗಿಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ತರರು ಪರೀಕ್ಷೆಯ ಪೇಪರು ತಿದ್ದಿ, ಸಿಟ್ಟಿನಲ್ಲಿ ತರಗತಿಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಶಾಲೆಯ ಮೈದಾನದಲ್ಲಿ ಹನ್ನೊಂದು ಕತ್ತೆಗಳು ನಿಂತಿದ್ದವು.

ಅವುಗಳನ್ನು ಮತ್ತೆ ಮಕ್ಕಳಾಗಿಸಿದ್ದು ಅಲಮೇಲು ಮೇಡಂ. ದೋಣಿ ಆಫೀಸಿನ ಮಹಡಿಯಲ್ಲಿ ಉಪಮೆ, ರೂಪಕ ಕಲಿಸುವ ಅವರ ಅಲಂಕಾರ ಶಾಲೆ ನಡೆಯುತ್ತದೆ, ಸಾಯಂಕಾಲ ನಾಲ್ಕರಿಂದ ಆರು. ಕಲಿಯುವವರೆಲ್ಲ ದೊಡ್ಡವರೇ. ಮೇಡಂ ಹೆಡ್‌ಮಾಸ್ತರರನ್ನು ಒಂದೊಂದು ಕತ್ತೆಯ ಎದುರಿಗೂ ನಿಲ್ಲಿಸಿ, ಈ ಮಗುವಿಗೂ ಕತ್ತೆಗೂ ಸಮಾನವಾಗಿ ಏನು ಕಂಡಿರಿ, ಹೇಳಿ ಎಂದರಂತೆ. ಹೇಳಿದ್ದು ತಲೆಗೆ ಹತ್ತುವುದಿಲ್ಲ ಎಂದು ಅವರು ಹೇಳುತ್ತ ಹೋದ ಹಾಗೆ ಹತ್ತು ಮಕ್ಕಳು ಸಾಯಂಕಾಲದೊಳಗೆ ಎದ್ದು ನಿಂತು ಮೈ ಕೊಡವಿಕೊಂಡರು. ಹನ್ನೊಂದನೆಯವಳಿಗೆ ಮಾತ್ರ ಮೂರು ದಿನ ಹಿಡಿಯಿತು. ಅವಳು ದಿನಾ ಶಾಲೆಗೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು. ಹೆಡ್‌ಮಾಸ್ತರರ ಮನಸ್ಸಿನಲ್ಲಿ ಇದ್ದದ್ದು ಆ ಹೊರೆ ಎಂದು ಅವರಿಗೇ ಗೊತ್ತಿರಲಿಲ್ಲ.

ನಾನು ಮೊದಲು ಶಾಲೆಗೆ ಹೋಗಲಿಲ್ಲ. ನಾಚಿಕೆಯಾಯಿತು. ಬದುಕು ಮಾತ್ರ ನಿಲ್ಲಲಿಲ್ಲ. ಅಡುಗೆಮನೆ ಆ ಕಡೆ, ನಡುಮನೆ ಈ ಕಡೆ, ನಡುವೆ ಅವರು. ಒಲೆ ಹಚ್ಚಬೇಕಾದರೆ ಮುಂಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಬೇಕು. ಅನ್ನಕ್ಕಿಟ್ಟು ಈ ಕಡೆ ಬಂದು ನಾಲ್ಕು ಗುಂಡಿ ಹೊಲಿಯುವಷ್ಟರಲ್ಲಿ ಆ ಕಡೆ ಅನ್ನ ಸೀದ ವಾಸನೆ. ಗಾರೆ ಕೆಲಸದವನೊಬ್ಬ ಬಂದು ನೋಡಿ, ಪಕ್ಕದಲ್ಲಿ ಬೇರೊಂದು ಬಾಗಿಲು ಒಡೆದುಕೊಡುತ್ತೇನೆ ಅಂದ. ಬೇಡ ಅಂದೆ. ನಮ್ಮೆಜಮಾನರ ಅಕ್ಕ ಪುಟ್ಟತಾಯಿ ಮೇಲಿನ ಬೀದಿಯಿಂದ ಬಂದರು. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ತಮ್ಮನ ಬೆನ್ನು ಸವರುವ ಹಾಗೆ ಗೋಡೆಯನ್ನು ಸವರಿ, ಸ್ವಲ್ಪ ಹೊತ್ತು ಅದಕ್ಕೆ ಒರಗಿ ಕೂತು, ಎದ್ದು ಹೋದರು. ಮಧ್ಯಾಹ್ನದ ಹೊತ್ತು ಮಂಜು ಕಿಟಕಿಯಿಂದ ಒಳಗೆ ಬಂದು ನೆಲದ ಮೇಲೆ ಹರಡಿಕೊಳ್ಳುತ್ತಿತ್ತು; ಆಗ ನಾನೂ ಹಾಗೇ ಒರಗಿ ಕೂರುತ್ತಿದ್ದೆ. ಬೆಚ್ಚಗಿರುತ್ತಿತ್ತು. ಒಂದು ತಿಂಗಳು ಹೀಗೆ ಕಳೆದ ಮೇಲೆ ಆ ಸುಖಕ್ಕೂ ಅಸಹ್ಯಪಟ್ಟುಕೊಂಡು, ಸೀರೆ ಬದಲಿಸಿ ದೋಣಿ ಆಫೀಸಿನ ಮೆಟ್ಟಿಲು ಹತ್ತಿದೆ.

ಅಲಮೇಲು ಮೇಡಂ ಗಿಡ್ಡನೆಯ ಹೆಂಗಸು. ಸೀಮೆಸುಣ್ಣದ ಪುಡಿ ಅವರ ಮೂಗಿನ ಮೇಲೂ ಇರುತ್ತದೆ. ನನ್ನನ್ನು ಮೊದಲನೇ ದಿನವೇ ಹಲಗೆಯ ಮುಂದೆ ನಿಲ್ಲಿಸಿದರು.

“ಯಾವುದನ್ನು ಹೋಲಿಸ್ತೀವೋ ಅದು ಉಪಮೇಯ. ನಿಮ್ಮದರಲ್ಲಿ ಯಾವುದು ದೇವೀರಮ್ಮ?”

“ನಮ್ಮೆಜಮಾನ್ರು.”

“ಯಾವುದಕ್ಕೆ ಹೋಲಿಸ್ತೀವೋ ಅದು ಉಪಮಾನ.”

“ಗೋಡೆ.”

“ಹಾಗೆ, ಅಂತೆ, ತರಹ, ಇವು ವಾಚಕ ಪದ. ನಿಮ್ಮದರಲ್ಲಿ?”

“ಬಿಟ್ಟುಹೋಯ್ತು ಮೇಡಂ.”

“ಅದಕ್ಕೇ ಉಪಮೆ ಹೋಗಿ ರೂಪಕ ಆಯ್ತು. ರೂಪಕದಲ್ಲಿ ಎರಡೂ ಒಂದೇ ಅಂತ ಅಂದುಬಿಡ್ತೀವಿ, ಎರಡಕ್ಕೂ ಭೇದವೇ ಇರಲ್ಲ. ಇನ್ನು ನಾಲ್ಕನೇದು. ಎರಡರಲ್ಲೂ ಇರೋ ಗುಣ, ಯಾವುದನ್ನು ನೋಡಿ ಹೋಲಿಸಿದಿರೋ ಅದು. ಅದರ ಹೆಸರು ಸಮಾನ ಧರ್ಮ. ಅದೇನು?”

ನಾನು ಸೀಮೆಸುಣ್ಣ ಹಿಡಿದು ನಿಂತೆ.

“ಈಗಲೇ ಬೇಡ,” ಅಂದರು ಮೇಡಂ. “ಅದು ಸಿಕ್ಕರೆ ಅವರು ಬರ್ತಾರೆ. ಅಂದವರೇ ಹೇಳಬೇಕು. ಎದುರಿಗೆ ನಿಂತು ಹೇಳಬೇಕು. ಅಂದ ಹೊತ್ತಿನಲ್ಲಿ ಮನಸ್ಸಲ್ಲಿ ಏನಿತ್ತೋ ಅದನ್ನೇ ಹೇಳಬೇಕು, ಆಮೇಲೆ ಹುಟ್ಟಿಸಿಕೊಂಡಿದ್ದಲ್ಲ.”

ಸುಲಭ ಅನ್ನಿಸಿತು. ಮನೆಗೆ ಬಂದು ಗೋಡೆಯ ಎದುರು ನಿಂತು, “ನೀವು ಮಾತಾಡಲ್ಲ, ಗೋಡೇನೂ ಮಾತಾಡಲ್ಲ. ಅದಕ್ಕೇ ಗೋಡೆ ಹಾಗೆ ಅಂದೆ,” ಎಂದೆ. ಒಂದು ಚೂರು ಸುಣ್ಣ ಉದುರಿತು, ಅಷ್ಟೆ. ಮರುದಿನ, ಹೇಳಿದ್ದು ಕೇಳಿಸಿಕೊಳ್ಳದ ಗುಣ ಅಂದೆ. ಅದು ಸುಳ್ಳು ಎಂದು ನಾಲಗೆಯ ಮೇಲಿರುವಾಗಲೇ ಗೊತ್ತಾಗಿ ಸಾಣೆ ಹಿಡಿದ ಕತ್ತರಿಯ ಕಡೆ ನೋಡಿದೆ. ಆಮೇಲೆ ಒಳ್ಳೆಯ ಗುಣಗಳನ್ನು ಹುಡುಕಿದೆ. ಸೂರು ಹೊರುವುದು, ಆಸರೆ ಕೊಡುವುದು, ಗಾಳಿಗೆ ಅಡ್ಡ ನಿಲ್ಲುವುದು. ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಗೋಡೆ ಮಾತ್ರ ಹಾಗೇ ಇತ್ತು. ಸಿಟ್ಟಿನಲ್ಲಿ ಅಂದ ಮಾತಿನೊಳಗೆ ಅಂಥ ಒಳ್ಳೆಯದೇನೂ ಇರಲಿಲ್ಲವಲ್ಲ.

ಶಾಲೆಯಲ್ಲಿ ಪಾಠ ಮುಂದುವರಿಯಿತು. ಉತ್ಪ್ರೇಕ್ಷೆ ಕಲಿತೆವು, ಇದು ಅದೇ ಇರಬಹುದೇನೋ ಎಂದು ಊಹಿಸಿ ಹೇಳುವುದು. ಅತಿಶಯೋಕ್ತಿ ಕಲಿತೆವು, ನಮ್ಮೂರಲ್ಲಿ ಅದಕ್ಕೆ ಮೇಡಮ್ಮಿನ ಪರವಾನಗಿ ಬೇಕು. ಸಂಜೆಯ ಬೆಳಕಿನಲ್ಲಿ ಆ ಮಹಡಿ ಕೆರೆಯ ಮೇಲೆ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ಕೆಳಗೆ ನೀರು ಕಟ್ಟೆಗೆ ತಾಗುವ ಸದ್ದು, ಮೇಲೆ ಸೀಮೆಸುಣ್ಣದ ಸದ್ದು. ಹಿಂದಿನ ಬೆಂಚಿನಲ್ಲಿ ದೋಣಿಯ ತಿಮ್ಮರಾಜು ಕೂರುತ್ತಿದ್ದ. ಅವನು ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಮದುವೆಯಾದ ಮೂರನೇ ದಿನ ಹೆಂಡತಿ ಹೊನ್ನಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಕೆರೆಯ ನಡುವಿಗೆ ಹೋಗಿ, ಅವಳ ಮುಖ ನೋಡುತ್ತ ‘ಚಂದ್ರ ನೀನು’ ಅಂದುಬಿಟ್ಟಿದ್ದ. ಅಂದಿನಿಂದ ನಮ್ಮೂರ ಕೆರೆಯ ಮೇಲೆ ಪ್ರತಿ ಮುಸ್ಸಂಜೆ, ಅಮಾವಾಸ್ಯೆಯಲ್ಲೂ, ಸಣ್ಣದೊಂದು ಚಂದ್ರ ಇರುತ್ತದೆ. ಹೂ ಮಾರುವವರು ಅದರ ಬೆಳಕಿನಲ್ಲಿ ಅರ್ಧ ಗಂಟೆ ಹೆಚ್ಚು ವ್ಯಾಪಾರ ಮಾಡಿಕೊಳ್ಳುವುದನ್ನು ರೂಢಿಸಿಕೊಂಡಿದ್ದರು.

ಒಂದು ದಿನ ಪಾಠ ಮುಗಿದ ಮೇಲೆ ಅವನೂ ನಾನೂ ಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಮೇಲೆ ಹೊನ್ನಿ ಇದ್ದಳು.

“ನಂದು ಮೊದಲ ವಾರದಲ್ಲೇ ಗೊತ್ತಾಯ್ತು ಅಕ್ಕ,” ಅಂದ.

“ಏನು ಗೊತ್ತಾಯ್ತು?”

“ಸಮಾನ ಧರ್ಮ. ಚೆಂದ ಅಲ್ಲ, ತಂಪು ಅಲ್ಲ. ದೂರ. ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಕೂತಿದ್ರೂ ಅವಳು ದೂರ ಇದ್ಲು. ಮನೇಲಿ ಬಲವಂತ ಮಾಡಿ ಕೊಟ್ಟಿದ್ರು ಅಂತ ಕಾಣುತ್ತೆ.”

“ಮತ್ತೆ ಯಾಕೋ ಹೇಳ್ದೆ ಕೂತಿದೀಯ?”

“ಹೇಳಿದ್ರೆ ಇಳಿದು ಬರ್ತಾಳೆ. ಬಂದ್ರೆ ತೌರಿಗೆ ಹೋಗ್ಬಿಡ್ತಾಳೆ. ಹಿಂಗಾದ್ರೆ ದಿನಾ ಸಂಜೆ ನೋಡೋಕಾದ್ರೂ ಸಿಕ್ತಾಳೆ.”

“ನೋಡೋಕೆ ನಿಂಗೆ ಸಿಕ್ತಾಳೆ. ಅವಳಿಗೇನೋ ಸಿಗತ್ತೆ?” ಎಂದೆ.

ಅವನು ಎದ್ದು ದೋಣಿಯ ಹಗ್ಗ ಬಿಗಿಯತೊಡಗಿದ. ನನಗೂ ಮನೆಗೆ ಹೋಗುವ ದಾರಿಯಲ್ಲಿ ನನ್ನ ಮಾತೇ ನನ್ನನ್ನು ಚುಚ್ಚತೊಡಗಿತು. ಬೆಚ್ಚಗಿನ ಗೋಡೆಗೆ ಒರಗಿ ನಾನು ಎಷ್ಟು ಮಧ್ಯಾಹ್ನ ನಿದ್ದೆ ಮಾಡಿಲ್ಲ?

ಐದನೇ ತಿಂಗಳಿನಲ್ಲಿ ಮೇಡಂ ಅಲಂಕಾರಗಳನ್ನು ಬದಿಗಿಟ್ಟು ಕಥೆಯ ಪಾಠಕ್ಕೆ ಬಂದರು. ನಿರೂಪಕ ಅಂದರೆ ಕಥೆ ಹೇಳುವವನು. ಅವನು ನಿಂತ ಜಾಗದಿಂದ ಎಷ್ಟು ಕಾಣುತ್ತದೋ ಅಷ್ಟೇ ಕಥೆ. ಆ ಜಾಗಕ್ಕೆ ದೃಷ್ಟಿಕೋನ ಎಂದು ಹೆಸರು. ನಿರೂಪಕ ಬದಲಾದರೆ ಅದೇ ಕಥೆ ಬೇರೆಯಾಗುತ್ತದೆ. “ನಿಮ್ಮ ಮನೇಲಿ ಅವತ್ತು ನಡೆದದ್ದನ್ನು ಬರೆದು ತನ್ನಿ ದೇವೀರಮ್ಮ,” ಅಂದರು. “ಆದರೆ ‘ನಾನು’ ಅನ್ನೋದು ನೀವಾಗಿರಬಾರದು. ಚೆಲುವಯ್ಯನವರಾಗಿರಬೇಕು.”

ನೋಟ್‌ಪುಸ್ತಕ ತೆಗೆದು ‘ನಾನು ಚೆಲುವಯ್ಯ’ ಎಂದು ಬರೆದೆ. ‘ತಕ್ಕಡಿ ರಿಪೇರಿ ಮಾಡುತ್ತೇನೆ’ ಎಂದು ಬರೆದೆ. ‘ದೇವೀರಿ ಅವಳ ಅಮ್ಮನ ತಿಥಿ ಮುಗಿಸಿಕೊಂಡು ಬಂದಳು, ನಾನು ಕಾಫಿ ಮಾಡಿದೆ’ ಎಂದು ಬರೆದೆ. ಆಮೇಲೆ ಪೆನ್ನು ನಿಂತುಹೋಯಿತು. ಬಾಗಿಲಲ್ಲಿ ನಿಂತ ಆ ‘ನಾನು’ ಏನು ಯೋಚಿಸಿದ? ತುಟಿ ಯಾಕೆ ಅಲುಗಿತು, ಯಾಕೆ ಮುಚ್ಚಿತು? ಹತ್ತೊಂ‌ಬತ್ತು ವರ್ಷ ಒಟ್ಟಿಗೆ ಉಂಡವರ ಬಗ್ಗೆ ಮೂರು ಸಾಲಿನ ಆಚೆ ನನಗೇನೂ ಗೊತ್ತಿರಲಿಲ್ಲ. ಮೂರು ದಿನ ಆ ಪುಟ ನೋಡುತ್ತ ಕೂತೆ. ನಾಲ್ಕನೆಯ ದಿನ ಮೇಲಿನ ಬೀದಿಗೆ ಹೋದೆ.

ಪುಟ್ಟತಾಯಕ್ಕ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದರು. ನನ್ನ ಪುಸ್ತಕ ತೋರಿಸಿ, ಮುಂದೆ ಬರೆಯಲಾಗುತ್ತಿಲ್ಲ ಅಂದೆ. ಅವರಿಗೆ ಓದು ಬಾರದು. ನಾನೇ ಮೂರು ಸಾಲನ್ನೂ ಓದಿ ಹೇಳಿದೆ. ಅವರು ಕೈ ತೊಳೆದುಕೊಂಡು ನೆರಳಿಗೆ ಬಂದು ಕೂತರು.

“ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ,” ಅಂದರು. “ಆದ್ರೂ ಹೇಳ್ತೀನಿ. ಅವನಿಗೆ ಆಗ ಐದು ವರ್ಷ, ನಂಗೆ ಒಂಬತ್ತು. ಇದೇ ಮಾಳಿಗೆ. ಅಮ್ಮ ಬಟ್ಟೆ ಒಣಗಾಕ್ತಿದ್ಲು. ಗಾಳಿ ಜೋರಾಗಿತ್ತು, ಅವಳ ಸೀರೆ ಎರಡು ಕಡೆಗೂ ಪಟಪಟ ಅಂತ ಬಡ್ಕೊಳ್ತಿತ್ತು. ಇವನು ಖುಷಿಗೆ ಚಪ್ಪಾಳೆ ತಟ್ಟಿ, ‘ಅಮ್ಮ ಹಕ್ಕಿ, ಅಮ್ಮ ಹಕ್ಕಿ’ ಅಂತ ಕುಣಿದ. ಅಷ್ಟೇ ಕಣೆ. ಹಗ್ಗದ ಮೇಲೊಂದು ಹಕ್ಕಿ ಕೂತಿತ್ತು. ನಮ್ಮಿಬ್ಬರ್ನೂ ನೋಡ್ತು. ಆಮೇಲೆ ಕೆರೆ ಕಡೆಗೆ ಹಾರಿಹೋಯ್ತು.”

“ಅತ್ತೆ ಜ್ವರ ಬಂದು ತೀರ್ಕೊಂಡ್ರು ಅಂತ...”

“ನಿಂಗೆ ಹಂಗೆ ಹೇಳಿದ್ವಿ.”

“ಮೇಡಮ್ಮಿನ ಹತ್ರ ಹೋಗ್ಲಿಲ್ವಾ?”

“ಆಗಿನ ಮೇಷ್ಟ್ರು ಬಂದಿದ್ರು. ಏನು ಹೇಳ್ಬೇಕು ಅಂತಾನೂ ಹೇಳಿಕೊಟ್ರು. ಆದ್ರೆ ಯಾರನ್ನ ಎದುರಿಗೆ ನಿಲ್ಲಿಸ್ಕೊಂಡು ಹೇಳೋದು? ಅಪ್ಪ ಮೂರು ವರ್ಷ ಏರಿ ಮೇಲೆ ಕಾಳು ಚೆಲ್ಲಿದ. ಎಷ್ಟು ಹಕ್ಕಿ ಬಂದ್ವೋ. ಇವನು ಒಂದೊಂದರ ಮುಂದೂ ಕುಕ್ಕರಗಾಲಲ್ಲಿ ಕೂತು, ‘ಸೀರೆ ಹಾರೋದು ರೆಕ್ಕೆ ಹಾಗಿತ್ತಮ್ಮ, ಅದಕ್ಕೇ ಅಂದೆ ಅಮ್ಮ’ ಅಂತಿದ್ದ. ಅವು ಕಾಳು ತಿಂದು ಹೋಗ್ತಿದ್ವು.” ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. “ನಲವತ್ತು ವರ್ಷ ದಾಟ್ತು ದೇವೀರಿ. ಹಕ್ಕಿಗಳು ಅಷ್ಟು ವರ್ಷ ಬದುಕಲ್ಲ. ನಿನ್ನ ಮದುವೆಯಾದ ದಿನ ನನ್ನ ಹತ್ರ ಬಂದು, ‘ಅಕ್ಕ, ಇವಳನ್ನ ನಾನು ಏನೂ ಅನ್ನಲ್ಲ’ ಅಂದ. ಬೈಯಲ್ಲ ಅಂತ ತಿಳ್ಕೊಂಡೆ ನಾನು. ಹೊಗಳೋದೂ ಇಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.”

ಮನೆಗೆ ಬಂದು ಮಿಷನ್ನಿನ ಮೇಲೆ ಪುಸ್ತಕ ಇಟ್ಟುಕೊಂಡು ಬರೆದೆ. ಈ ಸಲ ಪೆನ್ನು ನಿಲ್ಲಲಿಲ್ಲ. ‘ದೇವೀರಿ ಅವಳ ಅಮ್ಮನ ಮಾತು ಹೇಳುತ್ತಿದ್ದಾಳೆ. ಅಮ್ಮ ಎಂಬ ಮಾತು ಈ ಮನೆಯಲ್ಲಿ ಇಷ್ಟು ಸಲ ಕೇಳಿ ನನಗೆ ಅಭ್ಯಾಸವಿಲ್ಲ. ನನಗೂ ಒಂದು ಮಾತು ಹೇಳಬೇಕೆನ್ನಿಸುತ್ತದೆ. ನನ್ನ ಅಮ್ಮನನ್ನು ಮಣ್ಣು ಮಾಡಲೂ ಸಿಗಲಿಲ್ಲ ಎಂದು ಹೇಳಬೇಕೆನ್ನಿಸುತ್ತದೆ. ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಗೊತ್ತಿಲ್ಲ. ಚಾಪೆಯ ಮೇಲೆ ಕೂತಿರುವ ಇವಳು ದೇವೀರಿಯಾಗೇ ಇರಬೇಕು. ರವಿಕೆ ಹೊಲಿಯುತ್ತ, ಇಡೀ ದಿನ ಮಾತಾಡುತ್ತ, ಹೀಗೇ ಇರಬೇಕು. ನಾನು ಕಾಫಿ ಲೋಟ ಚಾಚುತ್ತೇನೆ.’ ಅಲ್ಲಿಗೆ ನಿಲ್ಲಿಸಿ, ತಲೆ ಮಿಷನ್ನಿಗೆ ಆನಿಸಿ ಅತ್ತೆ. ಅಮ್ಮ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಇಷ್ಟಾದರೂ ಗೋಡೆಯ ಎದುರು ಹೋಗಿ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಈಗ ಅವರ ಕಡೆಯ ಕಥೆ ಗೊತ್ತಿತ್ತು. ನನ್ನ ಕಡೆ ಏನಿತ್ತು ಎಂದು ನೋಡಿಕೊಳ್ಳುವುದು ಬಾಕಿಯಿತ್ತು. ಅದನ್ನು ನೋಡಿಕೊಳ್ಳಲು ಇಷ್ಟವಿರಲಿಲ್ಲ.

ಆ ವಾರದ ಕೊನೆಯಲ್ಲಿ ಒಂದು ಮುಸ್ಸಂಜೆ ಬೀದಿಯಲ್ಲಿ ಗದ್ದಲವಾಯಿತು. ಹೂ ಮಾರುವವರು, ಬೆಳಕು ಎಲ್ಲಿ ಹೋಯಿತು ಎಂದು ಮೇಲೆ ನೋಡುತ್ತಿದ್ದರು. ನಾನು ಕಟ್ಟೆಗೆ ಹೋಗುವಷ್ಟರಲ್ಲಿ ಹೊನ್ನಿ ಕೊನೆಯ ಮೆಟ್ಟಿಲಲ್ಲಿ ಕೂತಿದ್ದಳು. ಮದುವೆಯ ಸೀರೆಯೇ ಮೈಮೇಲಿತ್ತು. ಚಳಿಗೆ ನಡುಗುತ್ತಿದ್ದ ಅವಳಿಗೆ ಯಾರೋ ಕಂಬಳಿ ಹೊದಿಸಿದ್ದರು. ತಿಮ್ಮರಾಜು ನೀರಿನಲ್ಲಿ ಮೊಣಕಾಲಿನವರೆಗೆ ನಿಂತು ದೋಣಿ ಹಿಡಿದಿದ್ದ.

“ಎಲ್ಲಿಗೆ ಬಿಡ್ಲಿ?” ಎಂದು ಕೇಳಿದ.

“ಅಮ್ಮನ ಮನೆಗೆ,” ಅಂದಳು.

“ಹೂಂ, ಹತ್ತು,” ಅಂದ. ಮಂಜಿನೊಳಗೆ ಹುಟ್ಟಿನ ಸದ್ದು ದೂರವಾಗುತ್ತ ಹೋಯಿತು. ಅವನು ಹಿಂತಿರುಗುವವರೆಗೆ ನಾನು ಅಲ್ಲೇ ಕಾದಿದ್ದೆ. ಒಬ್ಬನೇ ಬಂದ. ದೋಣಿ ಕಟ್ಟಿ, ನನ್ನ ಪಕ್ಕ ಕೂತು, “ಇಳಿವಾಗ, ಹುಷಾರಾಗಿ ಹೋಗಿ ಅಂದ್ಲು ಅಕ್ಕ. ಅಷ್ಟು ಹೇಳಿದ್ಲು,” ಅಂದ. ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಮರುದಿನ ಮಧ್ಯಾಹ್ನ ಚಾಪೆ ಹಾಸಿ, ಅವತ್ತು ಕೂತಲ್ಲೇ ಕೂತೆ. ಎದುರಿಗೆ ಗೋಡೆ. ಮೊದಲು ಪುಸ್ತಕ ತೆಗೆದು ಅವರ ‘ನಾನು’ ಓದಿದೆ. ಆಮೇಲೆ ಪುಸ್ತಕ ಮುಚ್ಚಿದೆ.

“ಇದು ನಿಮ್ಮ ಕಡೇದು. ಈಗ ನಂದು ಹೇಳ್ತೀನಿ ರೀ,” ಅಂದೆ. “ನಿಮ್ಮ ಮುಂದೆ ಮಾತಾಡೋವಾಗ ನಾನು ಒಬ್ಬಳೇ ಇರ್ತಿದ್ದೆ. ಗೋಡೆ ಮುಂದೆ ಮಾತಾಡೋರೂ ಒಬ್ಬರೇ ಇರ್ತಾರೆ. ನನ್ನ ಮನಸ್ಸಲ್ಲಿ ಇದ್ದದ್ದು ಅಷ್ಟೇ. ನಂಗೆ ಒಂಟಿ ಅನ್ನಿಸ್ತಿತ್ತು. ಕತ್ತರಿ ಮೊಂಡು ಅಂದೆ, ಸೀಮೆಎಣ್ಣೆ ಮುಗೀತು ಅಂದೆ, ಊರವರದ್ದೆಲ್ಲ ಹೇಳ್ದೆ, ಇದೊಂದು ಹೇಳ್ಲಿಲ್ಲ. ನೀವೇ ತಿಳ್ಕೋಬೇಕು ಅಂತ ಹಟ ಇತ್ತು ನಂಗೆ. ಅಮ್ಮ ಹೋದ ಮೇಲೆ ಇನ್ನೂ ಒಂಟಿ ಆದೆ, ಹೆದರಿಕೆ ಆಯ್ತು, ಅದಕ್ಕೇ ಹಾಗಂದೆ. ನೀವು ಗೋಡೆ ಹಾಗೆ ಇದ್ರಿ. ಹಾಗೆ.”

ಸುಣ್ಣ ಹಪ್ಪಳದ ಹಾಗೆ ಎದ್ದು ಉದುರಿತು. ಅಡುಗೆಮನೆಯ ಬೆಳಕು ಮೊದಲು ಒಂದು ಗೆರೆಯಷ್ಟು, ಆಮೇಲೆ ಬಾಗಿಲಿನಷ್ಟು ಈ ಕಡೆಗೆ ಬಂತು. ಅದರ ನಡುವೆ ಅವರು ನಿಂತಿದ್ದರು. ಕೈ ಇನ್ನೂ ಮುಂದಕ್ಕೆ ಚಾಚಿತ್ತು. ಖಾಲಿ ಕೈಯನ್ನು ನೋಡಿಕೊಂಡರು, ನೆಲವನ್ನು ನೋಡಿದರು.

“ಕಾಫಿ ಚೆಲ್ಲೋಯ್ತು,” ಅಂದರು.

“ಚೆಲ್ಲಿ ಆರು ತಿಂಗಳಾಯ್ತು,” ಅಂದೆ. ಎದ್ದು ಹೋಗಿ ಅವರ ಎದೆಗೆ ಹಣೆ ಒತ್ತಿದೆ. ಅವರ ಅಂಗಿಯೆಲ್ಲ ಸುಣ್ಣದ ವಾಸನೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. “ಎಲ್ಲಾ ಕೇಳಿಸ್ತಿತ್ತು,” ಅಂದರು.

ಅವರು ಅಷ್ಟಕ್ಕೇ ಮಾತುಗಾರರಾದರು ಎಂದು ಯಾರೂ ತಿಳಿಯಬಾರದು. ಕೆಟ್ಟುಹೋದ ತಕ್ಕಡಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮೊದಲ ವಾರವೆಲ್ಲ ಅವುಗಳ ತುಕ್ಕು ಉಜ್ಜುತ್ತ ಸುಮ್ಮನೇ ಇದ್ದರು. ನಾನು ನನಗೆ ಒಂಟಿ ಅನ್ನಿಸಿದಾಗಲೆಲ್ಲ ಬಾಯಿಬಿಟ್ಟು, ಒಂಟಿ ಅನ್ನಿಸ್ತಿದೆ ಅನ್ನುತ್ತಿದ್ದೆ. ಆಗ ಅವರು ಕೆಲಸ ಬಿಟ್ಟು ಮಿಷನ್ನಿನ ಪಕ್ಕ ಬಂದು ಕೂರುತ್ತಿದ್ದರು. ಎರಡನೇ ವಾರ, ಶಾಲೆಗೆ ಹೊರಟಿದ್ದಾಗ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ನಡೆದರು. ಹಿಂದಿನ ಬೆಂಚಿನಲ್ಲಿ ಕೂತರು. ಎರಡು ತಿಂಗಳು ಹಾಗೇ ಬಂದು ಹಾಗೇ ಹೋದರು. ಮೇಡಂ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಮೇಲೊಂದು ಸಂಜೆ ಮೇಡಂ ಹಲಗೆಯ ಮೇಲೆ ‘ಸ್ವಭಾವೋಕ್ತಿ’ ಎಂದು ಬರೆದರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಇದೂ ಒಂದು ಅಲಂಕಾರ ಅಂದರು. ಇದರಲ್ಲಿ ಉಪಮಾನ ಇಲ್ಲ, ಯಾವುದನ್ನೂ ಯಾವುದಕ್ಕೂ ಹೋಲಿಸುವುದಿಲ್ಲ. ಆಡಿನ ಮರಿ ಹೇಗೆ ನೆಗೆಯುತ್ತದೆ, ಮುದುಕಿ ಸೂಜಿಗೆ ದಾರ ಹೇಗೆ ಪೋಣಿಸುತ್ತಾಳೆ, ಅಷ್ಟನ್ನೇ ಹೇಳುವುದು.

“ಹಿಂಗೆ ಹೇಳಿದ್ರೆ...” ಎಂದು ಹಿಂದಿನಿಂದ ದನಿ ಬಂತು. ಎಲ್ಲರೂ ತಿರುಗಿ ನೋಡಿದರು. ನಮ್ಮೆಜಮಾನರು ಎದ್ದು ನಿಂತಿದ್ದರು. “ಹಿಂಗೆ ಹೇಳಿದ್ರೆ ಯಾರಿಗೂ ಏನೂ ಆಗಲ್ವಾ?”

“ಯಾರಿಗೂ ಏನೂ ಆಗಲ್ಲ ಚೆಲುವಯ್ಯನವರೇ,” ಅಂದರು ಮೇಡಂ. “ಆದರೆ ಹೇಳೋಕೆ ಕಷ್ಟ. ಸರಿಯಾಗಿ ನೆನಪಿರಬೇಕು.”

“ನೆನಪಿದೆ,” ಎಂದು ಕೂತರು.

ಮನೆಗೆ ಹೋಗುವಾಗ ಕಟ್ಟೆಯ ಹತ್ತಿರ ನಡಿಗೆ ನಿಧಾನ ಮಾಡಿದರು. ಮೆಟ್ಟಿಲ ಮೇಲೆ ಕೂತರು, ನಾನೂ ಕೂತೆ. ನೀರಿನ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೆರೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

“ನಮ್ಮಮ್ಮ ಎಡಗೈಯೋಳು,” ಅಂದರು. “ಮುದ್ದೆ ತಿರುವೋದೂ ಎಡಗೈಲೇ. ಬಲಗೈ ಮಣಿಕಟ್ಟಲ್ಲಿ ಸುಟ್ಟ ಕಲೆ ಇತ್ತು, ಇಷ್ಟುದ್ದ. ಮಲಗೋವಾಗ ನನ್ನ ಕಾಲನ್ನ ತನ್ನ ಹೊಟ್ಟೆ ಮೇಲೆ ಇಟ್ಕೊಳೋಳು.” ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಇದ್ದಲ್ಲೇ ಇದ್ದೆ. ಮತ್ತೆ ಶುರುಮಾಡಿದರು. “ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯೋಳು. ಮುಂದಿನ ಹಲ್ಲು ಒಂದು ಮುರಿದಿತ್ತು. ನಾನೇ ಮುರಿದಿದ್ದು. ಎತ್ತಿ ಆಡಿಸ್ತಿದ್ಲು, ನಾನು ನೆಗೆದೆ, ನನ್ನ ತಲೆ ಬಡೀತು.”

“ಅಯ್ಯೋ. ಆಮೇಲೆ?” ಅಂದೆ.

ಅವರು ನೀರಿನ ಕಡೆ ನೋಡಿದರು.

“ಆಮೇಲೆ ಏನಿಲ್ಲ,” ಅಂದರು. “ಅವಳು ಬೈಲಿಲ್ಲ.”